ಬಯೋಗ್ಯಾಸ್ ಪೈಪಿನಲ್ಲಿ ನೀರು ಕಟ್ಟಿದೆಯೇ? ಗ್ಯಾಸ್ ಸೋರದಂತೆ ತೆಗೆಯುವ ಕ್ರಮ

“ತೊಟ್ಟಿಯಲ್ಲಿ ಗ್ಯಾಸ್ ಇದೆ, ಒಲೆ ಮಾತ್ರ ಸರಿಯಾಗಿ ಉರೀತಿಲ್ಲ. ಉರಿ ಏರುತ್ತೆ, ಇಳಿಯುತ್ತೆ, ಒಮ್ಮೊಮ್ಮೆ ಆರಿಯೇ ಹೋಗುತ್ತೆ. ಪೈಪಿನೊಳಗೆ ಗುಳುಗುಳು ಅಂತ ಸದ್ದು ಬೇರೆ.” ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ಗುಳುಗುಳು ಸದ್ದು ಕೇಳಿಸುತ್ತಿದ್ದರೆ ಅನುಮಾನವೇ ಬೇಡ, ಪೈಪಿನಲ್ಲಿ ನೀರು ನಿಂತಿದೆ.

ಆ ನೀರನ್ನು ತೆಗೆಯುವುದು ಕಷ್ಟದ ಕೆಲಸ ಅಲ್ಲ. ಆದರೆ ಬಹಳ ಜನ ಅದನ್ನು ಮಾಡುವ ರೀತಿ ಅಪಾಯದ್ದು. ಜಾಯಿಂಟ್ ಬಿಚ್ಚಿ ಬಾಯಿಂದ ಊದುತ್ತಾರೆ. ಪೈಪ್ ಜೋತುಬಿದ್ದ ಕಡೆ ಮೊಳೆ ಕಾಯಿಸಿ ತೂತು ಹಾಕುತ್ತಾರೆ. ವಾಲ್ವ್ ತಿರುಗಿಸಿ, ಗ್ಯಾಸ್ ಬುಸ್ ಎನ್ನುವವರೆಗೂ ಬಿಡುತ್ತಾರೆ. ಇದ್ಯಾವುದೂ ಬೇಡ. ಈ ಕೆಲಸಕ್ಕೆ ಇರುವುದು ಎರಡೇ ನಿಯಮ: ನೀರಿನ ಜೊತೆ ಗ್ಯಾಸ್ ಹೊರಗೆ ಬರಬಾರದು, ಗಾಳಿ ಒಳಗೆ ಹೋಗಬಾರದು. ಮುಂದಿನ ಎಲ್ಲ ಹಂತಗಳೂ ಈ ಎರಡು ನಿಯಮಗಳಿಗಾಗಿಯೇ ಇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹೇಳುವುದು ಮನೆ ಮಟ್ಟದ ಸಣ್ಣ ಘಟಕಗಳಿಗೆ, ಅಂದರೆ ತೊಟ್ಟಿಯ ಸ್ವಂತ ಒತ್ತಡದಿಂದಲೇ ಗ್ಯಾಸ್ ಒಲೆಗೆ ಬರುವ ಕಡೆಗೆ. ಬ್ಲೋವರ್, ಕಂಪ್ರೆಸರ್ ಅಥವಾ ಎಂಜಿನ್ ಗ್ಯಾಸನ್ನು ಎಳೆದುಕೊಳ್ಳುವ ಲೈನಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರಬಹುದು. ಅಲ್ಲಿ ಡ್ರೈನ್ ತೆರೆದರೆ ನೀರು ಹೊರಗೆ ಬರುವುದಿಲ್ಲ, ಗಾಳಿಯೇ ಒಳಗೆ ನುಗ್ಗುತ್ತದೆ. ಅಂಥ ಲೈನನ್ನು ತಿಳಿದವರಿಗೆ ಬಿಡಿ.

ಈ ನೀರು ಬರುವುದಾದರೂ ಎಲ್ಲಿಂದ?

ತೊಟ್ಟಿಯಿಂದ ಹೊರಡುವ ಗ್ಯಾಸ್ ಒಣಗಿರುವುದಿಲ್ಲ. ಬಗ್ಗಡದ ಮೇಲೆ ನಿಂತಿರುವುದರಿಂದ ಅದರಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೂ ನೀರಾವಿ ತುಂಬಿರುತ್ತದೆ. 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗ್ಯಾಸ್ ಸುಮಾರು 40 ಗ್ರಾಂ ನೀರಾವಿ ಹೊತ್ತಿರುತ್ತದೆ. ಅದೇ ಗ್ಯಾಸ್ 20 ಡಿಗ್ರಿಗೆ ತಣ್ಣಗಾದರೆ ಹಿಡಿದಿಟ್ಟುಕೊಳ್ಳಲು ಆಗುವುದು ಸುಮಾರು 17 ಗ್ರಾಂ ಮಾತ್ರ. ಉಳಿದ 22-23 ಗ್ರಾಂ ಪೈಪಿನ ಗೋಡೆಗೆ ಹನಿಯಾಗಿ ಅಂಟಿ ಕೆಳಗಿಳಿಯುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುತ್ತದಲ್ಲ, ಹಾಗೇ.

ದಿನಕ್ಕೆ 2 ಘನ ಮೀಟರ್ ಗ್ಯಾಸ್ ಬಳಸುವ ಮನೆಯಾದರೆ ದಿನಕ್ಕೆ 45 ಮಿಲಿಲೀಟರ್ ವರೆಗೆ ನೀರು ಇಳಿಯಬಹುದು. ತಿಂಗಳಿಗೆ ಒಂದು ಲೀಟರಿಗಿಂತ ಜಾಸ್ತಿ. ತೊಟ್ಟಿ ಬೆಚ್ಚಗಿದ್ದು ಹೊರಗೆ ಚಳಿ ಇದ್ದರೆ ಇನ್ನೂ ಹೆಚ್ಚು.

ಇಷ್ಟು ಸ್ವಲ್ಪ ನೀರಿಗೆ ಒಲೆ ಆರುತ್ತದಾ ಅಂತ ಅನಿಸಬಹುದು. ಆರುತ್ತದೆ. 12 ಮಿಲಿಮೀಟರ್ ಒಳ ಅಗಲದ ಪೈಪು ಒಂದು ಕಡೆ 10 ಸೆಂಟಿಮೀಟರ್ ಜೋತುಬಿದ್ದಿದೆ ಅಂದುಕೊಳ್ಳಿ. ಆ ಬಾಗು ಎರಡೂ ಕಡೆ ತುಂಬಲು 25 ಮಿಲಿಲೀಟರಿನಷ್ಟು ನೀರು ಸಾಕು. ಆಮೇಲೆ ಗ್ಯಾಸ್ ದಾಟಬೇಕಾದರೆ ಅದರ ಒತ್ತಡ 10 ಸೆಂಟಿಮೀಟರ್ ನೀರನ್ನು ಎತ್ತುವಷ್ಟು ಇರಬೇಕು. ತೇಲುವ ಡ್ರಮ್ಮಿನ ತೊಟ್ಟಿಯ ಒತ್ತಡವೇ ಸಾಮಾನ್ಯವಾಗಿ ಅಷ್ಟರ ಆಸುಪಾಸಿನಲ್ಲಿರುತ್ತದೆ. ಅಲ್ಲಿಗೆ ದಾರಿ ಬಂದ್. ಒತ್ತಡ ಸ್ವಲ್ಪ ಜಾಸ್ತಿ ಇದ್ದರೆ ಗ್ಯಾಸ್ ಗುಳ್ಳೆ ಗುಳ್ಳೆಯಾಗಿ ದಾಟುತ್ತದೆ, ಒಲೆಯ ಉರಿ ಕುಣಿಯುತ್ತದೆ.

ನಿಜವಾಗಿ ಹೆದರಬೇಕಾದ್ದು ಈ ಕುಣಿಯುವ ಉರಿಗೇ. ಉರಿ ಆರುತ್ತದೆ, ಅರೆ ನಿಮಿಷದ ನಂತರ ಗ್ಯಾಸ್ ಮತ್ತೆ ಬರುತ್ತದೆ, ಆದರೆ ಆಗ ಉರಿಯಲು ಬೆಂಕಿ ಇರುವುದಿಲ್ಲ. ಒಲೆಯ ಹತ್ತಿರ ಯಾರೂ ಇಲ್ಲದಿದ್ದರೆ ಕೋಣೆಯಲ್ಲಿ ಗ್ಯಾಸ್ ತುಂಬುತ್ತಾ ಹೋಗುತ್ತದೆ. ಗಾಳಿಯಲ್ಲಿ ಮೀಥೇನ್ ಶೇಕಡ 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಹಾಗಾಗಿ ಉರಿ ಕುಣಿಯುತ್ತಿದ್ದರೆ “ಇವತ್ತೊಂದು ದಿನ ಹೇಗೋ ನಡೀಲಿ” ಅಂತ ಮುಂದೂಡಬೇಡಿ. ಒಲೆ ಆರಿಸಿ, ನೀರು ತೆಗೆದೇ ಮುಂದಿನ ಕೆಲಸ.

ಇನ್ನೊಂದು ಅಪಾಯ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದಕ್ಕೆ ಈ ಅನಿಲವೇ ಕಾರಣ. ಶುದ್ಧ ಮಾಡದ ಬಯೋಗ್ಯಾಸಿನಲ್ಲಿ ಇದು ನೂರಾರು ಪಿಪಿಎಂನಿಂದ ಕೆಲವು ಸಾವಿರ ಪಿಪಿಎಂವರೆಗೂ ಇರಬಹುದು. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು. ಗಾಳಿಯಲ್ಲಿ ಇದು ಒಂದು ಪಿಪಿಎಂಗಿಂತ ಕಡಿಮೆ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಆದರೆ 100 ಪಿಪಿಎಂ ಆಸುಪಾಸಿಗೆ ಬಂದರೆ ಮೂಗು ಜಡವಾಗಿ ವಾಸನೆಯೇ ತಿಳಿಯದಂತಾಗುತ್ತದೆ. ವಾಸನೆ ನಿಂತಿತು ಅಂದರೆ ಗ್ಯಾಸ್ ನಿಂತಿತು ಅಂತ ಅರ್ಥ ಅಲ್ಲ. ಇದನ್ನು ದಯವಿಟ್ಟು ಮರೆಯಬೇಡಿ.

ಬೇಕಾಗುವ ಸಾಮಾನು

ಒಂದೂವರೆ ಮೀಟರ್ ಪಾರದರ್ಶಕ ಟ್ಯೂಬು, ಕನಿಷ್ಠ 20 ಮಿಲಿಮೀಟರ್ ಅಗಲದ ಡ್ರೈನ್ ಹೋಸು, ಆಳವಾದ ಬಕೆಟ್, ಸೋಪಿನ ನೀರು, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಪೈಪನ್ನು ಸರಿಪಡಿಸಬೇಕಾದರೆ ಕ್ಲಾಂಪು, ಟೀ ಜಾಯಿಂಟು, ಬಾಲ್ ವಾಲ್ವು. ವಾಲ್ವು ಪ್ಲಾಸ್ಟಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನದ್ದಿರಲಿ. ಈ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಕರಗಿರುವುದರಿಂದ ಅದು ಸ್ವಲ್ಪ ಹುಳಿ, ಅಂದರೆ ಆಮ್ಲೀಯ. ಕಬ್ಬಿಣ, ತಾಮ್ರ, ಹಿತ್ತಾಳೆಯನ್ನು ನಿಧಾನವಾಗಿ ತಿನ್ನುತ್ತದೆ. ಹಿತ್ತಾಳೆಯ ನಲ್ಲಿ ಸ್ವಲ್ಪ ಕಾಲದಲ್ಲೇ ಬಿಗಿದುಕೊಂಡು, ಬೇಕಾದಾಗ ತಿರುಗುವುದಿಲ್ಲ. ತೆರೆದಾದ ಮೇಲೆ ಮುಚ್ಚಿಕೊಳ್ಳದಿದ್ದರೆ ಇನ್ನೂ ಕಷ್ಟ.

ಹಂತ 1: ಒತ್ತಡ ಎಷ್ಟಿದೆ ನೋಡಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಯಾಕೆಂದರೆ ಟ್ರ್ಯಾಪಿನ ಆಳ, ಬಕೆಟಿನ ಆಳ ಎಲ್ಲವೂ ಈ ಒಂದು ಅಳತೆಯ ಮೇಲೆ ನಿಂತಿವೆ. ಟ್ರ್ಯಾಪ್ ಅಂದರೆ ಪೈಪಿನ ನೀರನ್ನು ಹಿಡಿದು, ಗ್ಯಾಸನ್ನು ತಡೆಯುವ ಸಣ್ಣ ಏರ್ಪಾಡು.

ಒತ್ತಡದ ಮೀಟರ್ ಇಲ್ಲದಿದ್ದರೆ ಪಾರದರ್ಶಕ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ಬಣ್ಣದ ನೀರು ತುಂಬಿ. ಒಂದು ತುದಿಯನ್ನು ಒಲೆಯ ಹತ್ತಿರದ ವಾಲ್ವಿಗೆ ಸೇರಿಸಿ, ಇನ್ನೊಂದು ತುದಿ ಗಾಳಿಗೆ ತೆರೆದಿರಲಿ. ವಾಲ್ವನ್ನು ನಿಧಾನವಾಗಿ ತೆರೆದಾಗ ಗ್ಯಾಸಿನ ಕಡೆಯ ನೀರು ಕೆಳಗಿಳಿದು, ಇನ್ನೊಂದು ಕಡೆ ಮೇಲೇರುತ್ತದೆ. ಎರಡರ ನಡುವಿನ ಎತ್ತರ 8 ಸೆಂಟಿಮೀಟರ್ ಇದ್ದರೆ ಒತ್ತಡ “8 ಸೆಂಟಿಮೀಟರ್ ನೀರು”. 10 ಸೆಂಟಿಮೀಟರ್ ನೀರು ಅಂದರೆ ಸುಮಾರು 10 ಮಿಲಿಬಾರ್. ಗುಂಬಜಿನ ಮಾದರಿಯ ತೊಟ್ಟಿಯಲ್ಲಿ ಗ್ಯಾಸ್ ತುಂಬಿದಾಗ ಒತ್ತಡ 100 ಸೆಂಟಿಮೀಟರ್ ದಾಟಬಹುದು. ಅಂಥ ಕಡೆ ಈ ಟ್ಯೂಬು ಸಾಲುವುದಿಲ್ಲ, ನೀರು ಹಾರಿ ಹೊರಗೆ ಚೆಲ್ಲುತ್ತದೆ. ಉದ್ದದ ಟ್ಯೂಬು ಬೇಕು ಅಥವಾ ಮೀಟರೇ ಬೇಕು.

ಗ್ಯಾಸ್ ಅತಿ ಹೆಚ್ಚು ತುಂಬಿರುವ ಹೊತ್ತಿನಲ್ಲಿ ಅಳೆಯಿರಿ. ಟ್ರ್ಯಾಪು ತಡೆದುಕೊಳ್ಳಬೇಕಾದ್ದು ಆ ಗರಿಷ್ಠ ಒತ್ತಡವನ್ನು.

ಹಂತ 2: ನೀರು ಎಲ್ಲಿ ನಿಂತಿದೆ ಹುಡುಕಿ

ತೊಟ್ಟಿಯಿಂದ ಒಲೆಯವರೆಗೆ ಪೈಪಿನ ಪಕ್ಕದಲ್ಲೇ ನಡೆದು ನೋಡಿ. ಪಾರದರ್ಶಕ ಹೋಸಾದರೆ ಬೆಳಕಿಗೆ ಎದುರಾಗಿ ನೋಡಿದಾಗ ನೀರು ಕಾಣುತ್ತದೆ. ಪಿವಿಸಿ ಪೈಪಾದರೆ ಎರಡು ತುದಿಗೆ ದಾರ ಬಿಗಿದು ಕಟ್ಟಿ ನೋಡಿ. ಬಿಸಿಲಿಗೆ ಮೆತ್ತಗಾದ ಪೈಪು ಎರಡು ಕ್ಲಾಂಪುಗಳ ನಡುವೆ ಹೊಟ್ಟೆ ಬಿಟ್ಟಿರುವುದು ದಾರದ ಪಕ್ಕದಲ್ಲಿ ಎದ್ದು ಕಾಣುತ್ತದೆ. ನೀರು ಹೆಚ್ಚಾಗಿ ಸಿಗುವುದು ತೊಟ್ಟಿಯಿಂದ ಹೊರಟ ಮೊದಲ ಕೆಲವು ಮೀಟರಿನಲ್ಲಿ, ಗ್ಯಾಸ್ ಮೊದಲು ತಣ್ಣಗಾಗುವುದು ಅಲ್ಲೇ. ಆಮೇಲೆ ನೆರಳಿನಲ್ಲಿ ಹೋಗುವ ಭಾಗ, ಗೋಡೆ ದಾಟುವ ಜಾಗ, ಒಲೆಯ ಹಿಂದೆ ನೇತಾಡುವ ರಬ್ಬರ್ ಹೋಸು. ಈ ಕೊನೆಯದನ್ನು ಯಾರೂ ನೋಡುವುದೇ ಇಲ್ಲ.

ಹಂತ 3: ಇಳಿಜಾರು ಸರಿ ಮಾಡಿ

ನನ್ನ ಅಭಿಪ್ರಾಯದಲ್ಲಿ ಇದೇ ಮುಖ್ಯ ಹಂತ. ವಾರಕ್ಕೊಮ್ಮೆ ನೀರು ಬಸಿಯುತ್ತಾ ಕೂರುವುದಕ್ಕಿಂತ, ನೀರು ತಾನಾಗಿಯೇ ಒಂದು ಜಾಗಕ್ಕೆ ಹರಿದು ಬರುವಂತೆ ಪೈಪನ್ನು ಇಡುವುದು ಮೇಲು.

ಪ್ರತಿ ಒಂದು ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಕೊಡಿ. ತೊಟ್ಟಿ ಒಲೆಗಿಂತ ತಗ್ಗಿನಲ್ಲಿದ್ದರೆ ಪೂರ್ತಿ ಪೈಪನ್ನು ತೊಟ್ಟಿಯ ಕಡೆಗೇ ಇಳಿಯುವಂತೆ ಇಡಿ. ನೀರು ಮರಳಿ ತೊಟ್ಟಿಗೇ ಹೋಗುತ್ತದೆ, ಟ್ರ್ಯಾಪೇ ಬೇಡ. ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಹಾಗೆ ಆಗದಿದ್ದರೆ ಇಡೀ ಲೈನಿನಲ್ಲಿ ಒಂದೇ ಒಂದು ತಗ್ಗು ಜಾಗ ಇರಲಿ, ಎರಡೂ ಕಡೆಯಿಂದ ಪೈಪು ಅಲ್ಲಿಗೆ ಇಳಿಯಲಿ, ಟ್ರ್ಯಾಪ್ ಅಲ್ಲಿರಲಿ. ಆ ತಗ್ಗು ಮನೆಯ ಹೊರಗೇ ಇರಬೇಕು, ಅಡುಗೆ ಕೋಣೆಯೊಳಗೆ ಖಂಡಿತ ಬೇಡ. ಗ್ಯಾಸ್ ಮೀಟರ್ ಅಥವಾ ಗಂಧಕ ತೆಗೆಯುವ ಫಿಲ್ಟರ್ ಇದ್ದರೆ ಟ್ರ್ಯಾಪ್ ಅವುಗಳಿಗಿಂತ ಮೊದಲು ಬರಲಿ.

ಮೆತ್ತನೆಯ ಹೋಸಿಗೆ ಮೀಟರಿಗೊಂದು ಕ್ಲಾಂಪು ಸಾಲದಿದ್ದರೆ ಕೆಳಗೊಂದು ಹಲಗೆಯ ಆಸರೆ ಕೊಡಿ.

ಹಂತ 4: ನಿಮ್ಮ ಒತ್ತಡಕ್ಕೆ ತಕ್ಕ ಟ್ರ್ಯಾಪ್ ಆರಿಸಿ

*ಯು ಟ್ರ್ಯಾಪ್.* ಲೈನಿನ ತಗ್ಗಿನಲ್ಲಿ ಟೀ ಹಾಕಿ, ಕೆಳಗೆ ಯು ಆಕಾರದ ಪೈಪು ಕೊಡುವುದು. ಹೊರಗಿನ ಕಾಲು ಗಾಳಿಗೆ ತೆರೆದಿರುತ್ತದೆ. ಒಳಗೆ ಸದಾ ನೀರು ನಿಂತಿರುತ್ತದೆ. ಪೈಪಿನಿಂದ ಹೊಸ ನೀರು ಬಂದಷ್ಟೂ ಹೊರಗಿನ ಕಾಲಿನಿಂದ ಹೆಚ್ಚಾದದ್ದು ತೊಟ್ಟಿಕ್ಕುತ್ತದೆ. ಕೈ ಹಾಕುವ ಕೆಲಸವೇ ಇಲ್ಲ. 10-15 ಸೆಂಟಿಮೀಟರ್ ಒತ್ತಡದ ಲೈನಿಗೆ ನಾನು ಹೇಳುವುದು ಇದನ್ನೇ.

ಆದರೆ ಮೂರು ವಿಷಯ ತಪ್ಪಬಾರದು. ಯು ಬಾಗಿನ ತಳದಿಂದ ನೀರು ಹೊರಬೀಳುವ ಬಾಯಿಯವರೆಗಿನ ಎತ್ತರ, ನಿಮ್ಮ ಗರಿಷ್ಠ ಒತ್ತಡಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಹೆಚ್ಚಿರಲಿ. ಒತ್ತಡ 12 ಇದ್ದರೆ 27ಕ್ಕೆ ಕಡಿಮೆ ಬೇಡ. ಎರಡನೆಯದು, ಆ ಬಾಯಿ ಮುಖ್ಯ ಪೈಪಿಗಿಂತ ಕೆಳಗೇ ಇರಬೇಕು. ಇಲ್ಲದಿದ್ದರೆ ಒತ್ತಡ ಇಳಿದಾಗ ಟ್ರ್ಯಾಪಿನ ನೀರು ವಾಪಸ್ ಲೈನಿಗೆ ಏರುತ್ತದೆ. ಮೂರನೆಯದು, ಗ್ಯಾಸ್ ಬಿಡುವ ಮೊದಲೇ ಯು ಟ್ರ್ಯಾಪಿನಲ್ಲಿ ನೀರು ತುಂಬಿರಬೇಕು. ಖಾಲಿ ಯು ಟ್ರ್ಯಾಪ್ ಅಂದರೆ ಬಾಯಿ ತೆರೆದ ಗ್ಯಾಸ್ ಪೈಪು, ಅಷ್ಟೇ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದೆ, ಒತ್ತಡ ಒಮ್ಮೆಲೇ ಏರಿದರೆ ನೀರು ಹಾರಿಹೋಗುತ್ತದೆ. ವಾರಕ್ಕೊಮ್ಮೆ ಮಟ್ಟ ನೋಡಿ, ಕಡಿಮೆಯಾಗಿದ್ದರೆ ಹೊರಗಿನ ಕಾಲಿನಿಂದ ನೀರು ಹಾಕಿ.

*ಎರಡು ವಾಲ್ವಿನ ಟ್ರ್ಯಾಪ್.* ಒತ್ತಡ ಜಾಸ್ತಿ ಇರುವ ಗುಂಬಜಿನ ತೊಟ್ಟಿಗೆ ಯು ಟ್ರ್ಯಾಪ್ ಮಾಡಲು ಹೋದರೆ ಆಳುದ್ದದ ಗುಂಡಿ ಬೇಕಾಗುತ್ತದೆ. ಅದರ ಬದಲು ಟೀ ಕೆಳಗೆ ಒಂದು ಬಾಲ್ ವಾಲ್ವು, ಅದರ ಕೆಳಗೆ ಅರ್ಧ ಲೀಟರ್ ಹಿಡಿಯುವ ದಪ್ಪ ಪೈಪಿನ ತುಂಡು, ಅದರ ತಳದಲ್ಲಿ ಇನ್ನೊಂದು ಬಾಲ್ ವಾಲ್ವು. ಮೇಲಿನದು ಸದಾ ತೆರೆದಿರುತ್ತದೆ, ಕೆಳಗಿನದು ಸದಾ ಮುಚ್ಚಿರುತ್ತದೆ.

*ಒಂದೇ ವಾಲ್ವು.* ಈಗಾಗಲೇ ಇದ್ದರೆ ಬಳಸಿ, ಹೊಸದಾಗಿ ಹಾಕಿಸುವುದಾದರೆ ಇದನ್ನು ಆರಿಸಬೇಡಿ. ಮರೆತು ತೆರೆದಿಟ್ಟರೆ ತಡೆಯಲು ಇನ್ನೇನೂ ಇರುವುದಿಲ್ಲ.

ಟ್ರ್ಯಾಪಿಗೆ ಗುಂಡಿ ತೆಗೆಯಬೇಕಾದರೆ ಮಂಡಿಗಿಂತ ಆಳ ಬೇಡ, ಮೇಲೆ ಗಾಳಿಯಾಡುವ ಜಾಲರಿ ಹಾಕಿ. ಹೈಡ್ರೋಜನ್ ಸಲ್ಫೈಡ್, ಇಂಗಾಲದ ಡೈಆಕ್ಸೈಡ್ ಎರಡೂ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತವೆ. ಆಳದ ಗುಂಡಿ ಈಗಾಗಲೇ ಇದ್ದರೆ ಅದರೊಳಗೆ ಇಳಿಯಬೇಡಿ, ತಲೆ ಬಗ್ಗಿಸಿ ಕೂಡ ನೋಡಬೇಡಿ. ವಾಲ್ವಿನ ಹಿಡಿಯನ್ನು ಮೇಲಿನಿಂದಲೇ ತಿರುಗುವಂತೆ ಉದ್ದ ಮಾಡಿಸಿ. ಒಳಗೆ ಯಾರಾದರೂ ಬಿದ್ದಿದ್ದರೆ ಎತ್ತಲು ನೀವೂ ಇಳಿಯಬೇಡಿ. ಎರಡನೇ ಜೀವವೂ ಹೋಗುವುದು ಹೀಗೇ. ತುರ್ತು ಸೇವೆಗೆ ಕರೆ ಮಾಡಿ.

ಹಂತ 5: ನೀರು ಬಸಿಯುವುದು

ಬೆಳಗ್ಗೆ, ಒಲೆ ಹಚ್ಚುವ ಮೊದಲು ಮಾಡಿ. ರಾತ್ರಿ ಪೈಪು ತಣ್ಣಗಾಗಿ ನೀರು ಪೂರ್ತಿ ಇಳಿದಿರುತ್ತದೆ. ಎಲ್ಲ ಒಲೆ, ದೀಪ ಆರಿಸಿ. ಡ್ರೈನಿನ ಸುತ್ತ ಬೀಡಿ-ಸಿಗರೇಟು, ಬೆಂಕಿ, ಮೊಬೈಲು, ಕರೆಂಟಿನ ಸ್ವಿಚ್ಚು ಯಾವುದೂ ಬೇಡ. ಮಕ್ಕಳನ್ನು ದೂರ ಕಳಿಸಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವಂತೆ ನಿಲ್ಲಿ.

ಒತ್ತಡ ಒಮ್ಮೆ ನೋಡಿ. ಸೊನ್ನೆ ಇದ್ದರೆ ಅಥವಾ ನೀರಿನ ಟ್ಯೂಬು ಉಲ್ಟಾ ದಿಕ್ಕಿಗೆ ಏರಿದ್ದರೆ ಇವತ್ತು ಡ್ರೈನ್ ತೆರೆಯಬೇಡಿ. ತೊಟ್ಟಿಯಿಂದ ಬಗ್ಗಡ ಹೆಚ್ಚು ತೆಗೆದಾಗ ಹೀಗಾಗುತ್ತದೆ. ಆಗ ತೆರೆದರೆ ಗಾಳಿ ಒಳಗೆ ಹೋಗುತ್ತದೆ. ಗ್ಯಾಸ್ ಮತ್ತೆ ತುಂಬಲಿ.

ಎರಡು ವಾಲ್ವಿನ ಟ್ರ್ಯಾಪಾದರೆ ಹೀಗೆ:

1. ಮೇಲಿನ ವಾಲ್ವು ಪೂರ್ತಿ ಮುಚ್ಚಿ.
2. ಕೆಳಗೆ ಬಕೆಟ್ ಇಟ್ಟು ಕೆಳಗಿನ ವಾಲ್ವು ನಿಧಾನವಾಗಿ ತೆರೆಯಿರಿ. ನೀರು ಬರುತ್ತದೆ. ನೀರು ಮುಗಿದ ಮೇಲೂ ಗ್ಯಾಸ್ ಸುಯ್ ಅಂತ ಬರುತ್ತಲೇ ಇದ್ದರೆ ಮೇಲಿನ ವಾಲ್ವು ಸರಿಯಾಗಿ ಮುಚ್ಚಿಲ್ಲ ಅಥವಾ ಕೆಟ್ಟಿದೆ. ಕೂಡಲೇ ಕೆಳಗಿನದನ್ನು ಮುಚ್ಚಿ.
3. ಕೆಳಗಿನ ವಾಲ್ವು ಮುಚ್ಚಿ. ಮುಚ್ಚಿದ್ದು ಖಾತ್ರಿಯಾದ ಮೇಲೆಯೇ ಮೇಲಿನದನ್ನು ತೆರೆಯಿರಿ.
4. ಟ್ರ್ಯಾಪ್ ತುಂಬಿ ತುಳುಕಿದ್ದರೆ ಲೈನಿನಲ್ಲೂ ನೀರು ಉಳಿದಿರುತ್ತದೆ. ಅದು ಇಳಿಯಲು ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಬಸಿಯಿರಿ.

ಒಂದೇ ವಾಲ್ವಾದರೆ ನೀರಿನಿಂದಲೇ ಬೀಗ ಹಾಕುವ ಉಪಾಯ ಇದೆ. ಡ್ರೈನಿಗೆ ಅಗಲವಾದ ಹೋಸು ಸೇರಿಸಿ, ಅದರ ತುದಿ ನೀರು ತುಂಬಿದ ಬಕೆಟಿನ ತಳದ ಹತ್ತಿರ ಇರುವಂತೆ ಕಟ್ಟಿ. ಬಕೆಟಿನ ನೀರಿನ ಮಟ್ಟ ವಾಲ್ವಿಗಿಂತ ಕೆಳಗಿರಲಿ. ತುದಿ ಮುಳುಗಿರುವ ಆಳ ನಿಮ್ಮ ಒತ್ತಡಕ್ಕಿಂತ 15 ಸೆಂಟಿಮೀಟರ್ ಆದರೂ ಹೆಚ್ಚಿರಲಿ. ಈಗ ವಾಲ್ವು ನಿಧಾನವಾಗಿ ತೆರೆದರೆ ಪೈಪಿನ ನೀರು ಬಕೆಟಿಗೆ ಇಳಿಯುತ್ತದೆ, ಬಕೆಟಿನ ಮಟ್ಟ ಏರುತ್ತದೆ. ಗ್ಯಾಸ್ ಹೋಸಿನೊಳಗೆ ಸ್ವಲ್ಪ ದೂರ ಬಂದು ಅಲ್ಲೇ ನಿಲ್ಲುತ್ತದೆ, ಅಷ್ಟು ಆಳದ ನೀರನ್ನು ತಳ್ಳುವ ಶಕ್ತಿ ಅದಕ್ಕಿಲ್ಲ. ಹೋಸಿನಲ್ಲಿದ್ದ ಗಾಳಿಯ ಒಂದೆರಡು ಗುಳ್ಳೆ ಮೊದಲಿಗೆ ಬರಬಹುದು. ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಒತ್ತಡ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ, ವಾಲ್ವು ಮುಚ್ಚಿ. ಹೋಸು ಸಣ್ಣದಾದರೆ ಗಾಳಿ ಮಧ್ಯದಲ್ಲಿ ಸಿಕ್ಕಿಕೊಂಡು ನೀರು ಇಳಿಯುವುದಿಲ್ಲ, ಅದಕ್ಕೇ ಅಗಲ ಇರಲಿ ಎಂದಿದ್ದು. ಮಟ್ಟ ಏರುವುದು ನಿಂತಾಗ ವಾಲ್ವು ಮುಚ್ಚಿ, ಆಮೇಲೆ ಹೋಸು ಬಿಚ್ಚಿ.

ಯಾವ ವಿಧಾನವಾದರೂ ವಾಲ್ವು ತೆರೆದಿಟ್ಟು ಒಂದು ನಿಮಿಷಕ್ಕೂ ಜಾಗ ಬಿಟ್ಟು ಹೋಗಬೇಡಿ.

ಹಂತ 6: ಸೋರಿಕೆ ನೋಡಿ, ಒಲೆ ಹಚ್ಚಿ

ಮುಟ್ಟಿದ ಪ್ರತಿ ವಾಲ್ವಿಗೂ ಜಾಯಿಂಟಿಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ.

ಪೈಪಿನ ಜಾಯಿಂಟ್ ಬಿಚ್ಚಿ ಕೆಲಸ ಮಾಡಿದ್ದರೆ ಒಳಗೆ ಗಾಳಿ ಹೋಗಿರುತ್ತದೆ. ಅದನ್ನು ಒಲೆಯ ಮೂಲಕ ಹೊರಗೆ ಬಿಡಬೇಡಿ. ಒಲೆಯ ತುದಿಗೆ ಹೋಸು ಸೇರಿಸಿ, ಅದರ ಬಾಯನ್ನು ಬಯಲಿನಲ್ಲಿ, ತಲೆಗಿಂತ ಎತ್ತರದಲ್ಲಿ, ಬೆಂಕಿಯಿಂದ ದೂರ ಕಟ್ಟಿ, ಸ್ವಲ್ಪ ಗ್ಯಾಸ್ ಹರಿಯಬಿಡಿ. 20 ಮಿಲಿಮೀಟರ್ ಅಗಲ, 20 ಮೀಟರ್ ಉದ್ದದ ಪೈಪಿನಲ್ಲಿ ಹಿಡಿಯುವುದು ಆರು ಲೀಟರ್ ಚಿಲ್ಲರೆ. ಒಂದು ಸಾಧಾರಣ ಒಲೆ ಗಂಟೆಗೆ 400 ಲೀಟರ್ ಎಳೆಯುತ್ತದೆ ಅಂದುಕೊಂಡರೂ, ಅದೇ ವೇಗದಲ್ಲಿ ಬಿಟ್ಟರೆ ಎರಡು ಮೂರು ನಿಮಿಷದಲ್ಲಿ ಪೈಪಿನ ಗಾಳಿ ಹೊರಟಿರುತ್ತದೆ. ಈ ಕೆಲಸದಲ್ಲಿ ಬೇಕೆಂದೇ ಗ್ಯಾಸ್ ಹೊರಗೆ ಬಿಡುವ ಸಂದರ್ಭ ಇದೊಂದೇ.

ಆಮೇಲೆ ಕಿಟಕಿ ತೆರೆದು, ಕಡ್ಡಿ ಗೀರಿ ಒಲೆಗೆ ಹಿಡಿದು, ನಂತರ ಗ್ಯಾಸ್ ತೆರೆಯಿರಿ. ಉರಿ ನೀಲಿಯಾಗಿ ಒಂದೇ ಸಮನೆ ನಿಂತರೆ ನೀರು ಹೋಗಿದೆ. ಇನ್ನೂ ಕುಣಿಯುತ್ತಿದ್ದರೆ ಎಲ್ಲೋ ಇನ್ನೊಂದು ಬಾಗು ಉಳಿದಿದೆ, ಹಂತ 2ಕ್ಕೆ ಹೋಗಿ. ಉರಿ ಹಳದಿ, ಆದರೆ ಕುಣಿತ ಇಲ್ಲ ಅಂದರೆ ಅದು ನೀರಿನ ತೊಂದರೆ ಅಲ್ಲ, ಒಲೆಯ ಗಾಳಿಕಿಂಡಿ ನೋಡಿ.

ಎಷ್ಟು ದಿನಕ್ಕೊಮ್ಮೆ, ತೆಗೆದ ನೀರನ್ನು ಏನು ಮಾಡುವುದು?

ಮೊದಲ ತಿಂಗಳು ವಾರಕ್ಕೊಮ್ಮೆ ತೆಗೆದು, ಎಷ್ಟು ಬಂತು ಎಂದು ಅಳೆದು ಬರೆದಿಡಿ. ಟ್ರ್ಯಾಪು ಅರ್ಧ ತುಂಬುವ ಮೊದಲೇ ಬಸಿಯುವಂತೆ ನಿಮ್ಮ ಅಂತರ ಗೊತ್ತು ಮಾಡಿಕೊಳ್ಳಿ. ಚಳಿಗಾಲದಲ್ಲಿ ಅಂತರ ಕಡಿಮೆ ಮಾಡಿ.

ನೀರನ್ನು ಮನೆಯೊಳಗಿನ ಮೋರಿಗೆ ಸುರಿಯಬೇಡಿ. ಅದರಲ್ಲಿ ಕರಗಿರುವ ಅನಿಲ ನಿಧಾನವಾಗಿ ಹೊರಬರುತ್ತದೆ. ಹೊರಗೆ, ಬಗ್ಗಡ ಹೊರಬೀಳುವ ಗುಂಡಿಗೆ ಹಾಕಿ. ಮುಚ್ಚಳದ ಡಬ್ಬಿಯಲ್ಲಿ ತುಂಬಿಡಬೇಡಿ. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ.

ಸುರಿಯುವ ಮೊದಲು ಬಣ್ಣ ನೋಡಿ. ತಿಳಿಯಾಗಿದ್ದು ವಾಸನೆ ಮಾತ್ರ ಇದ್ದರೆ ಸರಿಯಾಗಿದೆ. ಕಪ್ಪು ಪುಡಿ ಬಂದರೆ ಕಬ್ಬಿಣದ ಪೈಪೋ ಫಿಟ್ಟಿಂಗೋ ಒಳಗಿನಿಂದ ಸವೆಯುತ್ತಿದೆ, ಅದನ್ನು ಬದಲಾಯಿಸುವ ಯೋಚನೆ ಮಾಡಿ. ಕಂದು ಬಣ್ಣ, ನಾರು, ನೊರೆ ಕಂಡರೆ ಅದು ಪೈಪಿನಲ್ಲಿ ಹನಿಗಟ್ಟಿದ ನೀರೇ ಅಲ್ಲ, ಬಗ್ಗಡವೇ ಗ್ಯಾಸ್ ಪೈಪಿಗೆ ಏರುತ್ತಿದೆ. ತೊಟ್ಟಿ ಮಿತಿ ಮೀರಿ ತುಂಬಿರಬಹುದು ಅಥವಾ ಒಳಗೆ ನೊರೆ ಎದ್ದಿರಬಹುದು. ಎಷ್ಟು ಬಸಿದರೂ ಅದು ನಿಲ್ಲುವುದಿಲ್ಲ. ಒಲೆ ಬಳಸುವುದು ನಿಲ್ಲಿಸಿ, ತೊಟ್ಟಿಗೆ ಹೊಸದಾಗಿ ಹಾಕುವುದನ್ನೂ ನಿಲ್ಲಿಸಿ, ತೊಟ್ಟಿ ಕಟ್ಟಿದವರನ್ನು ಕರೆಸಿ.